ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಲೋ ಬೇಡವೋ? ಅಪ್ಪನ ಮಾತಿಗೆ ಏನು ಉತ್ತರ ಕೊಡಲಿ?

ಹುಮನಾಬಾದ್ ಕಡೆಯವನು:

ಎಲ್ಲ ಸಹೋದರ ಸಹೋದರಿಯರಿಗೂ ಕರ್ತನ ನಾಮದಲ್ಲಿ ವಂದನೆಗಳು. ನನ್ನದು ಹುಮನಾಬಾದ್ ತಾಲ್ಲೂಕಿನ ಒಂದು ಹಳ್ಳಿ. ಕೆಲಸದ ನಿಮಿತ್ತ ಬೀದರಿನಲ್ಲಿದ್ದೇನೆ. ಆರು ವರ್ಷಗಳ ಹಿಂದೆ ಯೇಸುವನ್ನು ನಂಬಿ ಮೆಥೋಡಿಸ್ಟ್ ಸಭೆಯಲ್ಲಿ ದೀಕ್ಷಾಸ್ನಾನ ಪಡೆದೆ. ವಾರದ ನಡುವೆ ನಮ್ಮ ಬಡಾವಣೆಯ ಒಂದು ಮನೆ ಪ್ರಾರ್ಥನಾ ಕೂಟಕ್ಕೂ ಹೋಗುತ್ತೇನೆ. ನಮ್ಮ ಮನೆತನದಲ್ಲಿ ನಂಬಿದವನು ನಾನೊಬ್ಬನೇ.

ಇನ್ನು ಹದಿನೈದು ದಿನಗಳಲ್ಲಿ ಎಳ್ಳಮಾವಾಸ್ಯೆ ಬರುತ್ತದೆ. ನಮ್ಮ ಕಡೆ ಅಂದು ಊರಿಗೆ ಊರೇ ಹೊಲಕ್ಕೆ ಹೋಗುವುದು, ಕೊಂಪೆ ಕಟ್ಟಿ ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸುವುದು, ಬೆಳೆಯ ಸುತ್ತ ಚರಗ, ಅಂದರೆ ಎಡೆಯ ಅಡಿಗೆಯನ್ನು ಚೆಲ್ಲುವುದು ನಿಮಗೆಲ್ಲ ತಿಳಿದದ್ದೇ. ಹಿರಿಯ ಮಗನಾದ್ದರಿಂದ ಚರಗದ ಗಡಿಗೆ ಹಿಡಿಯುವುದು ನನ್ನ ಪಾಲಿನ ಕೆಲಸವಾಗಿತ್ತು. ನಂಬಿದ ಮೇಲೆ ಅದನ್ನು ಬಿಟ್ಟೆ, ಹೊಲಕ್ಕೆ ಹೋಗುವುದನ್ನೂ ಬಿಟ್ಟೆ. ಹೋದ ವರ್ಷ ಅವ್ವ ಊರಿನವರ ಕೈಯಲ್ಲಿ ಬಸ್ಸಿಗೆ ಒಂದು ಸ್ಟೀಲ್ ಡಬ್ಬಿ ಕಳಿಸಿದಳು. ಒಳಗೆ ಭಜ್ಜಿ, ನಾಲ್ಕು ಸಜ್ಜೆ ರೊಟ್ಟಿ, ಕಡಬು ಇದ್ದವು. ಫೋನಿನಲ್ಲಿ, "ಇದು ಎಡಿ ಹಿಡಿಯೋಕಿಂತ ಮದಲೇ ತಗದಿಟ್ಟಿದ್ದಪ್ಪ, ನೀ ಉಣ್ಣಬೌದು" ಎಂದಳು. ನಾನು ಉಂಡೆ, ಆದರೆ ತುತ್ತು ಗಂಟಲಲ್ಲಿ ಇಳಿಯಲಿಲ್ಲ.

ಈಗಿನ ಕಷ್ಟ ಬೇರೆ. ಕಳೆದ ತಿಂಗಳು ಅಪ್ಪನಿಗೆ ಆರಾಮವಿಲ್ಲವೆಂದು ತಿಳಿದು ನಮ್ಮ ಸಭೆಯ ಹಿರಿಯರೊಬ್ಬರೂ ಮನೆ ಕೂಟದ ಸಹೋದರರೊಬ್ಬರೂ ನೋಡಲು ಬಂದರು, ಅದೂ ಒಂದೇ ದಿನ. ಪ್ರಾರ್ಥನೆ ಮುಗಿದ ಮೇಲೆ ಮಾತು ದೀಕ್ಷಾಸ್ನಾನದ ಕಡೆಗೆ ಹೊರಳಿತು. ನೀರು ಚಿಮುಕಿಸಿ ಕೊಟ್ಟದ್ದು ಸ್ನಾನವೇ ಅಲ್ಲ ಎಂದು ಒಬ್ಬರು, ಕೊಟ್ಟದ್ದನ್ನು ಮತ್ತೆ ಕೊಡುವುದು ದೇವರಿಗೆ ಮಾಡುವ ಅವಮಾನ ಎಂದು ಇನ್ನೊಬ್ಬರು. ನಮ್ಮ ಪಡಸಾಲೆಯಲ್ಲಿ, ಕಂಬಳಿ ಹೊದ್ದು ಕುಳಿತ ಅಪ್ಪನ ಎದುರಿಗೇ ಇದು ಅರ್ಧ ತಾಸು ನಡೆಯಿತು. ಚಹಾ ತಂದ ಅವ್ವ ತಟ್ಟೆ ಹಿಡಿದು ನಿಂತೇ ಇದ್ದಳು. ಎಳ್ಳಮಾವಾಸ್ಯೆಯ ವಿಷಯದಲ್ಲೂ ಒಬ್ಬರು ಹೋಗು ಎಂದರು, ಇನ್ನೊಬ್ಬರು ಹೋದರೆ ಬಿದ್ದುಹೋದೆ ಎಂದರು. ಅವರು ಹೋದ ಮೇಲೆ ಅಪ್ಪ ಹೇಳಿದ್ದು ಇಷ್ಟು: "ನಿಮ್ಮ ನಿಮ್ಮೊಳಗಿಂದೇ ನಿಮಗ ಹರಿದಿಲ್ಲ. ಮದಲ ನೀವು ಒಂದಾಗ್ರಿ, ಆಮ್ಯಾಲ ನನಗ ಹೇಳು."

ಹೊಲಕ್ಕೆ ಹೋಗಬೇಕೋ ಬೇಡವೋ ಎಂಬುದು ನನ್ನ ಮೊದಲ ಪ್ರಶ್ನೆ. ಅಪ್ಪನ ಈ ಮಾತಿಗೆ ಏನು ಹೇಳಲಿ ಎಂಬುದು ಅದಕ್ಕಿಂತ ದೊಡ್ಡದು.

ಭಾಲ್ಕಿ ಅಕ್ಕ:

ಹೋಗಿರಿ ತಮ್ಮಾ. ಗಡಿಗೆ ಹಿಡಿಯಬೇಡಿ, ಕಲ್ಲಿಗೆ ಕೈ ಮುಗಿಯಬೇಡಿ, ಆದರೆ ಅಪ್ಪನ ಪಕ್ಕದಲ್ಲಿ ಕುಳಿತು ಊಟ ಮಾಡಿ ಬನ್ನಿ. ಗೆರಸೇನರ ಸೀಮೆಯಲ್ಲಿ ದೆವ್ವ ಬಿಟ್ಟ ಮನುಷ್ಯನು ಯೇಸುವಿನ ಸಂಗಡ ದೋಣಿ ಹತ್ತಲು ಬಂದಾಗ ಕರ್ತನು ಅವನನ್ನು ಹತ್ತಿಸಿಕೊಳ್ಳಲಿಲ್ಲ. ಮನೆಗೆ, ನಿನ್ನವರ ಬಳಿಗೆ ಹೋಗು ಎಂದು ಕಳಿಸಿಕೊಟ್ಟನು (ಮಾರ್ಕ 5:19). ನಂಬಿದವನಿಗೆ ಮೊದಲ ಸೇವೆ ಮನೆಯಲ್ಲೇ ಇದೆ.

ಸೇಡಂ ರಸ್ತೆ:

ಭಾಲ್ಕಿ ಅಕ್ಕನವರ ಮಾತನ್ನು ನಾನು ಗೌರವದಿಂದಲೇ ಒಪ್ಪುವುದಿಲ್ಲ. ಕರ್ತನ ಪಂಕ್ತಿಯಲ್ಲೂ ದೆವ್ವಗಳ ಪಂಕ್ತಿಯಲ್ಲೂ ಪಾಲು ತೆಗೆದುಕೊಳ್ಳಲಾಗದು ಎಂದು ಪೌಲನು ಬರೆದಿದ್ದಾನೆ (1 ಕೊರಿಂಥ 10:21). ಹೊಲದಲ್ಲಿ ಕುಳಿತವನು ಕೈ ಮುಗಿದನೋ ಇಲ್ಲವೋ ಎಂದು ಊರಿನವರು ಹತ್ತಿರ ಬಂದು ನೋಡುವುದಿಲ್ಲ. ಬಂದಿದ್ದನು ಎಂದಷ್ಟೇ ಹೇಳುತ್ತಾರೆ. ನಾನು ನಂಬಿದ ವರ್ಷ ನನ್ನ ಅಣ್ಣಂದಿರು ನನ್ನನ್ನು ಮನೆಯಿಂದ ಹೊರಗೆ ಹಾಕಿದರು, ಎರಡು ವರ್ಷ ತಾಯಿಯ ಮುಖ ನೋಡಲು ಬಿಡಲಿಲ್ಲ. ಅಂದು ಸ್ವಲ್ಪ ಸಡಿಲ ಬಿಟ್ಟಿದ್ದರೆ ನಾನು ಇಂದು ನಂಬಿಕೆಯಲ್ಲಿ ಉಳಿಯುತ್ತಿರಲಿಲ್ಲ. ಇದನ್ನು ಕಠಿಣ ಮನಸ್ಸಿನಿಂದ ಬರೆಯುತ್ತಿಲ್ಲ, ನೀವು ಜಾರಬಾರದು ಎಂಬ ಭಯದಿಂದ ಬರೆಯುತ್ತಿದ್ದೇನೆ.

ಶಹಾಪುರದ ನಿವೃತ್ತ ಶಿಕ್ಷಕ:

ಸೇಡಂ ರಸ್ತೆಯ ಸಹೋದರರು ಉಲ್ಲೇಖಿಸಿದ ಅಧ್ಯಾಯವನ್ನು ಇನ್ನು ಐದಾರು ವಚನ ಮುಂದಕ್ಕೆ ಓದಬೇಕೆಂದು ವಿನಂತಿ. ನಂಬದವರು ಊಟಕ್ಕೆ ಕರೆದಾಗ ಹೋಗಲು ಮನಸ್ಸಿದ್ದರೆ ಬಡಿಸಿದ್ದನ್ನು ವಿಚಾರಣೆ ಮಾಡದೆ ಉಣ್ಣಬಹುದು, ಆದರೆ ಇದು ನೈವೇದ್ಯಕ್ಕೆ ಇಟ್ಟದ್ದು ಎಂದು ಯಾರಾದರೂ ತಿಳಿಸಿದರೆ ಅವರ ಮನಸ್ಸಾಕ್ಷಿಯ ನಿಮಿತ್ತ ಉಣ್ಣಬಾರದು ಎಂಬ ಅರ್ಥದ ಮಾತು ಅಲ್ಲಿಯೇ 27 ಮತ್ತು 28ನೆಯ ವಚನಗಳಲ್ಲಿದೆ. ಪೌಲನು ಊಟವನ್ನೂ ಪೂಜೆಯನ್ನೂ ಬೇರೆ ಬೇರೆ ಮಾಡಿ ನೋಡಿದ್ದಾನೆ.

ಈಗ ಆ ಡಬ್ಬಿಯ ವಿಷಯ. ಈ ಇಡೀ ಬರಹದಲ್ಲಿ ನನ್ನ ಕಣ್ಣು ನಿಂತದ್ದು ಅಲ್ಲಿಯೇ. ಕೊರಿಂಥದವರಿಗೆ ಬರೆದ ಪತ್ರವನ್ನು ಆ ತಾಯಿ ಓದಿಲ್ಲ, ಬಹುಶಃ ಅದರ ಹೆಸರನ್ನೂ ಕೇಳಿಲ್ಲ. ಆದರೂ ಮಗನ ಮನಸ್ಸಾಕ್ಷಿಗೆ ನೋವಾಗಬಾರದೆಂದು ಎಡೆ ಹಿಡಿಯುವ ಮೊದಲೇ ಅವನ ಪಾಲನ್ನು ತೆಗೆದಿಟ್ಟಿದ್ದಾರೆ. ಹೊಲದ ಹಬ್ಬದಲ್ಲಿ, ಅತ್ತೆ, ನಾದಿನಿ, ನೆಗೆಣ್ಣಿಯರ ಕಣ್ಣೆದುರಿಗೆ, ದೇವರಿಗೂ ಮೊದಲು ಮಗನಿಗೆ ತೆಗೆದಿಡುವುದು ಒಬ್ಬ ಹಳ್ಳಿಯ ಹೆಣ್ಣುಮಗಳಿಗೆ ಸಣ್ಣ ಸಂಗತಿಯಲ್ಲ. ನಂಬದ ನೆಂಟರನ್ನು ನಾವು ತಾಳ್ಮೆಯಿಂದ ಸಹಿಸಬೇಕೆಂದು ಪ್ರತಿ ಭಾನುವಾರ ಕೇಳುತ್ತೇವೆ. ಅವರು ಆರು ವರ್ಷಗಳಿಂದ ನಮ್ಮನ್ನು ಸಹಿಸುತ್ತಿದ್ದಾರೆ ಎಂಬುದು ನಮ್ಮ ಲೆಕ್ಕಕ್ಕೆ ಬಂದೇ ಇಲ್ಲ.

ಚಿತ್ತಾಪುರದ ಅಳಿಯ:

ಆ ತಾಯಿಯವರಿಗೆ ನಮ್ಮೆಲ್ಲರ ನಮಸ್ಕಾರ ತಿಳಿಸಿರಿ.

ಭಾಲ್ಕಿ ಅಕ್ಕ:

ಶಿಕ್ಷಕರು ಅರಾಮ್ಯರ ಸೇನಾಪತಿ ನಾಮಾನನನ್ನು ಮರೆತರು. ಕುಷ್ಠ ವಾಸಿಯಾದ ಮೇಲೆ ಅವನು ಎಲೀಷನಿಗೆ, ನನ್ನ ಒಡೆಯನು ರಿಮ್ಮೋನನ ಗುಡಿಯಲ್ಲಿ ನನ್ನ ಕೈ ಹಿಡಿದು ಬಾಗಿದಾಗ ನಾನೂ ಬಾಗಬೇಕಾಗುತ್ತದೆ, ಅದನ್ನು ಯೆಹೋವನು ಕ್ಷಮಿಸಲಿ ಎಂದು ಬೇಡಿಕೊಂಡನು. ಪ್ರವಾದಿಯು ಗದರಿಸಲಿಲ್ಲ, ಸಮಾಧಾನದಿಂದ ಹೋಗು ಎಂದನು (2 ಅರಸು 5:18-19).

ಸೇಡಂ ರಸ್ತೆ:

ಅಕ್ಕಾ, ನಾಮಾನನು ಸೇವಕನಾಗಿ ತೋಳು ಕೊಟ್ಟನು, ತನ್ನ ಸ್ವಂತ ಇಚ್ಛೆಯಿಂದ ಹೋಗಲಿಲ್ಲ. ಅದು ಹೊಸದಾಗಿ ನಂಬಿದ ಒಬ್ಬನಿಗೆ ದೊರೆತ ರಿಯಾಯಿತಿ. ಅದರ ಮೇಲೆ ಎಲ್ಲರಿಗೂ ನಿಯಮ ಕಟ್ಟಲಾಗದು. ಆದರೆ ಶಿಕ್ಷಕರು ತೋರಿಸಿದ ಎರಡು ವಚನಗಳನ್ನು ನಾನು ಮತ್ತೆ ಓದಿದೆ. ಅಲ್ಲಿ ಅವರ ಮಾತು ಸರಿ ಇದೆ. ಊಟಕ್ಕೆ ಕುಳಿತರೆ ಪಾಪ ಎಂದು ನಾನು ಇನ್ನು ಹೇಳುವುದಿಲ್ಲ.

ಯಾದಗಿರಿಯ ನರ್ಸಮ್ಮ:

ನನ್ನ ಯಜಮಾನರು ನಂಬಿದವರಲ್ಲ. ಮದುವೆಯಾಗಿ ಇಪ್ಪತ್ತೆರಡು ವರ್ಷವಾಯಿತು. ಮೊದಲ ಹತ್ತು ವರ್ಷ ನಾನು ಮಾಡಿದ ತಪ್ಪನ್ನು ಇಲ್ಲಿ ಬರೆಯುತ್ತೇನೆ, ಯಾರಿಗಾದರೂ ಉಪಯೋಗವಾಗಲಿ. ದಿಂಬಿನ ಕೆಳಗೆ ಕರಪತ್ರ, ಅಂಗಿಯ ಜೇಬಿನಲ್ಲಿ ವಚನದ ಚೀಟಿ, ಊಟದ ಡಬ್ಬಿಯಲ್ಲಿ ರೊಟ್ಟಿಯ ಬಟ್ಟೆಯ ಮೇಲೆ ಯೋಹಾನನ ಸುವಾರ್ತೆಯ ಸಣ್ಣ ಪುಸ್ತಕ. ಒಂದು ದಿನ ಆ ಪುಸ್ತಕಕ್ಕೆ ಶೇಂಗಾ ಹಿಂಡಿಯ ಎಣ್ಣೆ ಹತ್ತಿತ್ತು. ಅವರು ಅದನ್ನು ಒಂದೊಂದೇ ಹಾಳೆ ಒರೆಸಿ, ಸಂಜೆ ನನ್ನ ಕೈಗೆ ಕೊಟ್ಟು, "ನಿನ್ನ ದೇವರ ಪುಸ್ತಕ, ಹಿಂಗ ಎಲ್ಲೆಂದರಲ್ಲಿ ಇಡಬ್ಯಾಡ" ಎಂದರು. ಆ ಪುಸ್ತಕಕ್ಕೆ ನನಗಿಂತ ಅವರೇ ಹೆಚ್ಚು ಮರ್ಯಾದೆ ಕೊಟ್ಟಿದ್ದರು.

ಅಂದಿನಿಂದ ಹೇಳುವುದನ್ನು ನಿಲ್ಲಿಸಿದೆ. ಮಾತಿಲ್ಲದೆಯೇ ನಡತೆಯಿಂದ ಗಂಡಂದಿರನ್ನು ಗೆಲ್ಲಬಹುದೆಂದು ಪೇತ್ರನು ಬರೆದದ್ದು (1 ಪೇತ್ರ 3:1) ನನಗೆ ಹತ್ತು ವರ್ಷ ತಡವಾಗಿ ಅರ್ಥವಾಯಿತು. ನಾನು ಹೇಳುವುದು ನಿಂತ ಮೇಲೆ ಅವರು ಕೇಳುವುದು ಶುರುವಾಯಿತು. ಈಗ ಭಾನುವಾರ ಅವರೇ ಗಾಡಿಯಲ್ಲಿ ಬಿಟ್ಟು, ಆರಾಧನೆ ಮುಗಿಯುವವರೆಗೆ ಹೊರಗೆ ಬೇವಿನ ಗಿಡದ ಕೆಳಗೆ ಕುಳಿತಿರುತ್ತಾರೆ. ಒಳಗೆ ಇನ್ನೂ ಬಂದಿಲ್ಲ. ಬರಲಿಲ್ಲವೆಂದು ನಾನು ಅವರ ಮುಂದೆ ಮುಖ ಸಣ್ಣದು ಮಾಡುವುದನ್ನೂ ಬಿಟ್ಟಿದ್ದೇನೆ. ಅದನ್ನು ಬಿಡುವುದೇ ಎಲ್ಲಕ್ಕಿಂತ ಕಷ್ಟವಾಯಿತು.

ಕಲಬುರಗಿ ಕಥೋಲಿಕಳು:

ನರ್ಸಮ್ಮನವರ ಮಾತು ಓದಿ ಸಂತ ಮೋನಿಕಾ ನೆನಪಾದರು. ಅವರ ಗಂಡ ಪ್ಯಾಟ್ರಿಷಿಯಸ್ ದೀಕ್ಷಾಸ್ನಾನ ಪಡೆದದ್ದು ಸಾಯುವ ಮೊದಲು ಸ್ವಲ್ಪ ಕಾಲಕ್ಕೆ. 354ರಲ್ಲಿ ಹುಟ್ಟಿದ ಮಗ ಅಗಸ್ಟಿನ್, ಮಿಲಾನಿನಲ್ಲಿ ಬಿಷಪ್ ಆಂಬ್ರೋಸರ ಕೈಯಿಂದ ದೀಕ್ಷಾಸ್ನಾನ ಪಡೆದದ್ದು 387ರ ಈಸ್ಟರ್ ಹೊತ್ತಿಗೆ. ಅದೇ ವರ್ಷ ಆ ತಾಯಿ ತೀರಿಕೊಂಡರು. ಅಷ್ಟು ವರ್ಷ ಅತ್ತು ಪ್ರಾರ್ಥಿಸಿದವರಿಗೆ ಮಗನನ್ನು ಸಭೆಯಲ್ಲಿ ನೋಡಲು ಸಿಕ್ಕದ್ದು ಕೆಲವೇ ತಿಂಗಳು. ನಮ್ಮಲ್ಲಿ ಆಗಸ್ಟ್ 27ರಂದು ಅವರ ಸ್ಮರಣೆ ಮಾಡುತ್ತೇವೆ.

ಯೇಸುಸ್ವಾಮಿಯವರ ಸಹೋದರರು ಅವರನ್ನು ನಂಬಿರಲಿಲ್ಲ (ಯೊವಾನ್ನ 7:5). ಮನೆಯವರು ಅವರಿಗೆ ಬುದ್ಧಿಭ್ರಮೆಯಾಗಿದೆ ಎಂದು ಹಿಡಿದುಕೊಂಡು ಹೋಗಲು ಬಂದದ್ದೂ ಉಂಟು (ಮಾರ್ಕ 3:21). ಆಮೇಲೆ ಅದೇ ಸಹೋದರರು ಮೇಲುಮಾಳಿಗೆಯಲ್ಲಿ ಮಾತೆ ಮರಿಯಮ್ಮನವರ ಜೊತೆ ಪ್ರಾರ್ಥನೆಯಲ್ಲಿ ಕುಳಿತಿದ್ದರು (ಪ್ರೇಷಿತರ ಕಾರ್ಯಕಲಾಪಗಳು 1:14). ಅವರಲ್ಲಿ ಯಕೋಬರು ಹನ್ನೆರಡು ಮಂದಿ ಪ್ರೇಷಿತರಲ್ಲಿ ಒಬ್ಬರು.

ಶಹಾಪುರದ ನಿವೃತ್ತ ಶಿಕ್ಷಕ:

ಒಂದು ಸಣ್ಣ ತಿದ್ದುಪಡಿ. ಕರ್ತನ ಸಹೋದರನಾದ ಯಾಕೋಬನನ್ನು ಹನ್ನೆರಡು ಮಂದಿಯಲ್ಲಿ ಒಬ್ಬನೆಂದು ನಿಮ್ಮ ಸಂಪ್ರದಾಯದಲ್ಲಿ ಹೇಳುತ್ತಾರೆ. ನಮ್ಮಲ್ಲಿ ಹೆಚ್ಚಿನವರು ಬೇರೆ ವ್ಯಕ್ತಿಯೆಂದೇ ಓದುತ್ತೇವೆ, ಏಕೆಂದರೆ ಹನ್ನೆರಡು ಮಂದಿಯನ್ನು ಆರಿಸಿಯಾದ ಮೇಲೂ ಸಹೋದರರು ನಂಬಿರಲಿಲ್ಲ ಎಂದು ಯೋಹಾನನೇ ಹೇಳುತ್ತಾನೆ. ಎದ್ದು ಬಂದ ಕರ್ತನು ಯಾಕೋಬನಿಗೆ ಕಾಣಿಸಿಕೊಂಡನೆಂಬುದರಲ್ಲಿ (1 ಕೊರಿಂಥ 15:7) ನಮಗೆ ನಿಮಗೆ ಭೇದವಿಲ್ಲ.

ಕಲಬುರಗಿ ಕಥೋಲಿಕಳು:

ಒಪ್ಪಿದೆ ಸರ್. ಸಹೋದರ ಎಂಬ ಪದವನ್ನೇ ನಾವು ಹತ್ತಿರದ ಬಂಧು ಎಂದು ಓದುತ್ತೇವೆ, ಅದರ ಚರ್ಚೆಗೆ ಇಲ್ಲಿ ಜಾಗ ಸಾಲದು. ಮನೆಯವರು ನಂಬಲು ಕಾಲ ಹಿಡಿಯಿತು ಎಂಬುದೇ ನನ್ನ ಮಾತು.

ಚಿಂಚೋಳಿ ಹುಡುಗ:

ಒಗ್ಗಟ್ಟಿಲ್ಲ ಎಂದು ಏಕೆ ಹೇಳುತ್ತೀರಿ? 1947ರಲ್ಲಿಯೇ ಪ್ರೊಟೆಸ್ಟಂಟ್ ಸಭೆಗಳೆಲ್ಲ ಸೇರಿ ಒಂದೇ ಸಭೆಯಾಗಲಿಲ್ಲವೇ?

ಮಂಗಲಪೇಟೆ ಹಿರಿಯ:

ಎಲ್ಲವೂ ಸೇರಲಿಲ್ಲ ತಮ್ಮಾ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿದಾಗ ಆಂಗ್ಲಿಕನರು, ಪ್ರೆಸ್ಬಿಟೇರಿಯನರು, ಕಾಂಗ್ರಿಗೇಷನಲರು ಮತ್ತು ಬ್ರಿಟಿಷ್ ಮಿಷನ್ನಿನ ಮೆಥೋಡಿಸ್ಟರು ಒಂದಾದರು. ನಮ್ಮ ಬೀದರ್, ಕಲಬುರಗಿ, ಯಾದಗಿರಿಯ ಮೆಥೋಡಿಸ್ಟರು ಅಮೆರಿಕ ಮಿಷನ್ನಿನ ಬಳ್ಳಿಯವರು. ನಾವು ಹೊರಗೆ ಉಳಿದೆವು. ಆಗ ಈ ಸೀಮೆ ನಿಜಾಮರ ಆಳ್ವಿಕೆಯಲ್ಲಿತ್ತು. 1970ರಲ್ಲಿ ಉತ್ತರ ಭಾರತ ಸಭೆ ಆಗುವಾಗ ಕೊನೆಯ ಹಂತದವರೆಗೆ ಮಾತುಕತೆಯಲ್ಲಿದ್ದು ನಮ್ಮವರು ಹಿಂದೆ ಸರಿದರು. 1981ರಲ್ಲಿ ಭಾರತೀಯ ಮೆಥೋಡಿಸ್ಟ್ ಸಭೆಯಾಗಿ ಸ್ವತಂತ್ರವಾದೆವು. ಕಥೋಲಿಕರಿಗೆ ಕಲಬುರಗಿಯಲ್ಲಿ ಪ್ರತ್ಯೇಕ ಧರ್ಮಕ್ಷೇತ್ರವಾದದ್ದು 2005ರಲ್ಲಿ. ಇವುಗಳ ನಡುವೆ ಪೆಂತೆಕೊಸ್ತ್, ಬ್ರದರನ್, ಸ್ವತಂತ್ರ ಕೂಟಗಳು ಎಷ್ಟೋ ಇವೆ.

ಬೇರೆ ಬೇರೆ ಹೆಸರಿದ್ದುದರಿಂದಲೇ ಒಗ್ಗಟ್ಟು ಹೋಯಿತೆಂದು ನಾನು ತಿಳಿಯುವುದಿಲ್ಲ. ಒಂದೇ ಮನೆಯ ಅಣ್ಣ ತಮ್ಮಂದಿರು ಬೇರೆ ಒಲೆ ಹೂಡಿದರೂ ಹಬ್ಬಕ್ಕೆ ಕೂಡುತ್ತಾರೆ. ನಾವು ಹಬ್ಬಕ್ಕೂ ಕೂಡುತ್ತಿಲ್ಲ ಎಂಬುದೇ ನನ್ನ ದುಃಖ.

ಆಳಂದ ನಾಕಾ:

ನಮ್ಮ ಮುತ್ಯಾ ತೀರಿಕೊಂಡ ದಿನ ನಡೆದದ್ದನ್ನು ಹೇಳುತ್ತೇನೆ. ಅವರು ಒಂದು ಸಭೆಯ ಸದಸ್ಯರು, ನಮ್ಮ ಕಾಕಾ ಇನ್ನೊಂದು ಸಭೆಯವರು. ಸಮಾಧಿಯ ಬಳಿ ಯಾರು ವಾಕ್ಯ ಹೇಳಬೇಕೆಂದು ಎರಡು ಕಡೆಯವರಿಗೂ ಮಾತು ಬೆಳೆಯಿತು. ಕುಣಿ ತೋಡಿದವರು ನಂಬದ ನಮ್ಮ ಸೋದರಮಾವಂದಿರು. ಬಿಸಿಲಿನಲ್ಲಿ ಸಲಿಕೆ ಹಿಡಿದು, ತಲೆಯ ಟವೆಲ್ ತೆಗೆದು ಮುಖ ಒರೆಸಿಕೊಳ್ಳುತ್ತ ಮುಕ್ಕಾಲು ತಾಸು ನಿಂತರು. ಅವರಲ್ಲಿ ಹಿರಿಯವರು ಕೊನೆಗೆ ಮುಂದೆ ಬಂದು, "ಯಾರರ ಒಬ್ಬರು ಓದ್ರೆಪ್ಪಾ, ಮುತ್ಯಾಗ ಬಿಸಲಾಗ ಇಟ್ಟೀರಿ" ಎಂದರು. ಹದಿಮೂರು ವರ್ಷವಾಯಿತು. ಆ ಮಾವಂದಿರ ಮನೆಗೆ ಸುವಾರ್ತೆ ಹೇಳಲು ಹೋಗುವ ಮುಖ ನನಗೆ ಇನ್ನೂ ಬಂದಿಲ್ಲ.

ಶಹಾಪುರದ ನಿವೃತ್ತ ಶಿಕ್ಷಕ:

ಆಳಂದ ನಾಕಾದವರು ಬರೆದದ್ದನ್ನು ಎರಡು ಸಲ ಓದಿದೆ. ಸಹೋದರನು ಸಹೋದರನ ಮೇಲೆ ವ್ಯಾಜ್ಯ ಹೂಡುವುದು, ಅದೂ ನಂಬದವರ ಮುಂದೆ, ಎಂದು ಪೌಲನು ಕೊರಿಂಥದವರನ್ನು ನಾಚಿಸಿದ್ದು ಇದಕ್ಕೇ (1 ಕೊರಿಂಥ 6:5-6). ಹುಮನಾಬಾದಿನ ಸಹೋದರರ ತಂದೆಯವರು ಹೇಳಿದ ಮಾತನ್ನು ಬೇರೆ ಯಾರೋ ನಮ್ಮ ಮೇಲೆ ಎಸೆದ ಆಕ್ಷೇಪಣೆ ಎಂದು ತಿಳಿಯಬೇಡಿರಿ. ಎಲ್ಲರೂ ಒಂದಾಗಿರಲಿ, ಅದರಿಂದ ಲೋಕವು ನಂಬುವುದು ಎಂಬ ಅರ್ಥದಲ್ಲಿ ಕರ್ತನು ಸಿಲುಬೆಗೆ ಹೋಗುವ ಹಿಂದಿನ ರಾತ್ರಿ ಪ್ರಾರ್ಥಿಸಿದನು (ಯೋಹಾನ 17:21). ಯೋಹಾನನ ಸುವಾರ್ತೆಯನ್ನು ಓದದ ಒಬ್ಬ ರೈತರು, ತಮ್ಮ ಪಡಸಾಲೆಯಲ್ಲಿ ಕಂಬಳಿ ಹೊದ್ದು ಕುಳಿತು, ಅದೇ ಮಾತನ್ನು ತಿರುಗಿಸಿ ನಮಗೆ ಕೇಳಿದ್ದಾರೆ. ಅವರು ಕೇಳಿದ್ದು ನ್ಯಾಯವಾಗಿದೆ. ಆದ್ದರಿಂದ ಅವರಿಗೆ ವಾದದ ಉತ್ತರ ಹುಡುಕಬೇಡಿ; "ನೀವು ಹೇಳಿದ್ದು ಖರೆ, ನಮ್ಮ ತಪ್ಪಾಗಿದೆ" ಎಂದು ಹೇಳಿಬಿಡಿ.

ಸೇಡಂ ರಸ್ತೆ:

ಇಲ್ಲಿ ನಾನು ಒಂದು ಮಾತು ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಒಗ್ಗಟ್ಟಿನ ಹೆಸರಿನಲ್ಲಿ ಸತ್ಯವನ್ನು ಬದಿಗೆ ಸರಿಸಿದಂತಾಗುತ್ತದೆ. ನಂಬಿದ ಮೇಲೆ ಮುಳುಗಿ ದೀಕ್ಷಾಸ್ನಾನ ಪಡೆಯಬೇಕೆಂಬುದು ನನ್ನ ದೃಢ ವಿಶ್ವಾಸ. ಶಿಶುಗಳಿಗೆ ಕೊಡುವುದನ್ನು ನಾನು ಒಪ್ಪಲಾರೆ. ಒಗ್ಗಟ್ಟೆಂದರೆ ಇದನ್ನು ಹೇಳಬಾರದೆಂದು ಅರ್ಥವೇ?

ಮಂಗಲಪೇಟೆ ಹಿರಿಯ:

ಹೇಳಿರಿ, ಯಾರು ಬೇಡ ಎಂದರು? ನನ್ನ ಮನೆಗೆ ಬನ್ನಿ, ಇಡೀ ರಾತ್ರಿ ಮಾತನಾಡೋಣ. ನಾನು ನನ್ನ ಮೊಮ್ಮಕ್ಕಳಿಗೆ ಕೊಡಿಸಿದ ದೀಕ್ಷಾಸ್ನಾನವನ್ನು ಸಮರ್ಥಿಸಿಕೊಳ್ಳುತ್ತೇನೆ, ನೀವು ನಿಮ್ಮದನ್ನು ಹೇಳಿ. ಕಾಯಿಲೆ ಬಿದ್ದವರ ಮನೆಯಲ್ಲಿ, ಅವರ ಚಹಾ ಕುಡಿಯುತ್ತ, ಅವರ ಕಣ್ಣೆದುರಿಗೆ ಮಾಡಬೇಡಿ ಎಂಬುದಷ್ಟೇ ನನ್ನ ವಿನಂತಿ. ಅಲ್ಲಿಗೆ ಹೋದವರು ನಮ್ಮ ಸಭೆಯವರೂ ಆಗಿದ್ದರೆಂಬುದು ನನಗೆ ನಾಚಿಕೆಯ ಸಂಗತಿ.

ಚಿಂಚೋಳಿ ಹುಡುಗ:

ವಿಷಯಕ್ಕೆ ಸಂಬಂಧವಿಲ್ಲದ ಪ್ರಶ್ನೆ, ಕ್ಷಮಿಸಿ. ಬೆಂಗಳೂರಿಗೆ ಬಂದ ಮೇಲೆ ಭಜ್ಜಿ ಎಂದರೆ ಇಲ್ಲಿಯವರು ಎಣ್ಣೆಯಲ್ಲಿ ಕರಿದದ್ದನ್ನು ಕೊಡುತ್ತಾರೆ. ನಮ್ಮ ಎಳ್ಳಮಾವಾಸ್ಯೆಯ ಭಜ್ಜಿಯನ್ನು ಹೇಗೆ ವಿವರಿಸಲಿ?

ಭಾಲ್ಕಿ ಅಕ್ಕ:

ಹಸಿ ಕಡಲೆ, ಹಸಿ ತೊಗರಿ, ಅವರೆ, ಬದನೆಕಾಯಿ, ಮೆಂತ್ಯದ ಸೊಪ್ಪು, ಹೊಲದಲ್ಲಿ ಆ ಕಾಲಕ್ಕೆ ಸಿಕ್ಕಿದ್ದೆಲ್ಲವನ್ನೂ ಹುಣಸೆ ರಸ ಮತ್ತು ಹಿಟ್ಟು ಹಾಕಿ ಒಂದೇ ಗಡಿಗೆಯಲ್ಲಿ ಕುದಿಸಿದ್ದು ಎಂದು ಹೇಳಿರಿ. ತಿಂದು ನೋಡದವರಿಗೆ ಅದಕ್ಕಿಂತ ಹೆಚ್ಚು ಹೇಳಿ ಪ್ರಯೋಜನವಿಲ್ಲ. ಈಗ ಮೂಲ ಮಾತಿಗೆ ಬರೋಣ.

ಹುಮನಾಬಾದ್ ಕಡೆಯವನು:

ಎಲ್ಲರಿಗೂ ವಂದನೆಗಳು. ಹಬ್ಬ ಮುಗಿದು ಮೂರು ದಿನವಾದ ಮೇಲೆ ಬರೆಯುತ್ತಿದ್ದೇನೆ.

ಹಿಂದಿನ ದಿನ ಸಂಜೆಯೇ ಊರಿಗೆ ಹೋದೆ. ರಾತ್ರಿ ಅಪ್ಪನ ಬಳಿ ಕುಳಿತು, ಅಂದು ನಮ್ಮವರು ನಿಮ್ಮ ಮನೆಯಲ್ಲಿ ಹಾಗೆ ಮಾತನಾಡಿದ್ದು ತಪ್ಪು, ಅವರ ಪರವಾಗಿ ನಾನು ಕ್ಷಮೆ ಕೇಳುತ್ತೇನೆ ಎಂದೆ. ಆರು ವರ್ಷಗಳಲ್ಲಿ ನಾನು ಅವರಿಗೆ ಹೇಳಿದ್ದು ಬಹಳ, ಕ್ಷಮೆ ಕೇಳಿದ್ದು ಇದೇ ಮೊದಲು. ಅಪ್ಪ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಮುಂಜಾನೆ ಥಂಡಿ ಇರ್ತದ, ನನ್ನ ಕಂಬಳಿ ತಗೊಂಡು ನಡಿ" ಎಂದರು.

ಮರುದಿನ ಬೆಳಿಗ್ಗೆ ಅವ್ವ ರೊಟ್ಟಿ ಬಡಿಯುವಾಗ ನೋಡಿದೆ. ಒಲೆಯ ಪಕ್ಕದ ಗೂಡಿನಲ್ಲಿ ಅದೇ ಸ್ಟೀಲ್ ಡಬ್ಬಿ, ಮುಚ್ಚಳದ ಮೇಲೆ ಬಿಳಿ ಬಟ್ಟೆ ಕಟ್ಟಿ ಇಟ್ಟಿದ್ದಳು. ಹೊಲಕ್ಕೆ ಬಂಡಿಯಲ್ಲಿ ಹೋದೆವು. ಪೂಜೆಯ ಹೊತ್ತಿಗೆ ನಾನು ಬದುವಿನ ಆಚೆ ಕಡಲೆಯ ಸಾಲಿನಲ್ಲಿ ತಮ್ಮನ ಮಕ್ಕಳನ್ನು ಆಡಿಸುತ್ತಿದ್ದೆ. ಗಡಿಗೆ ತಮ್ಮ ಹಿಡಿದನು. ಊಟಕ್ಕೆ ಎಲ್ಲರೂ ಸಾಲಾಗಿ ಕುಳಿತಾಗ ನಮ್ಮ ದೊಡ್ಡಪ್ಪ, ಇವನಿಗ್ಯಾಕ ಬ್ಯಾರೆ ಡಬ್ಬಿ ಎಂದು ಕೇಳಿದರು. ಉತ್ತರ ಕೊಟ್ಟವರು ಅಪ್ಪ: "ಅವನ ಪದ್ಧತಿ ಅದ. ಉಣ್ಣಲಿ ಬಿಡು." ಅವ್ವ ತಲೆಯೆತ್ತದೆ ಬಡಿಸುತ್ತಿದ್ದಳು.

ತಿರುಗಿ ಬರುವಾಗ ಅಪ್ಪ, ನಿಮ್ಮ ಆ ಇಬ್ಬರೂ ಕ್ರಿಸ್ಮಸ್ಸಿಗೆ ಒಂದೇ ಕಡೆ ಕೂಡುತ್ತಾರೇನು ಎಂದು ಕೇಳಿದರು. ಇಲ್ಲ ಎಂದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಮನೆ ಕೂಟದ ಸಹೋದರರು ನಾನು ಹೊಲಕ್ಕೆ ಹೋದದ್ದು ತಿಳಿದ ಮೇಲೆ ಫೋನ್ ಎತ್ತುತ್ತಿಲ್ಲ. ಇನ್ನೊಮ್ಮೆ ಅವರ ಮನೆಗೇ ಹೋಗಿ ಬರುತ್ತೇನೆ.

ಯಾದಗಿರಿಯ ನರ್ಸಮ್ಮ:

ಹೋಗುವಾಗ ವಾದಕ್ಕೆ ವಚನ ಹುಡುಕಿಕೊಂಡು ಹೋಗಬೇಡಿ. ಅವರ ಮನೆಯಲ್ಲಿ ಯಾರು ಹೇಗಿದ್ದಾರೆಂದು ಕೇಳಿ ಬನ್ನಿ.

ಮಂಗಲಪೇಟೆ ಹಿರಿಯ:

ಜನವರಿ 18ರಿಂದ 25ರವರೆಗೆ ಕ್ರೈಸ್ತ ಐಕ್ಯತೆಗಾಗಿ ಪ್ರಾರ್ಥನಾ ವಾರ. 1908ರಿಂದ ನಡೆದು ಬಂದದ್ದು, ಕಥೋಲಿಕರೂ ಪ್ರೊಟೆಸ್ಟಂಟರೂ ಆಚರಿಸುತ್ತಾರೆ. ನಮ್ಮ ಬೀದಿಯಲ್ಲಿ ಅದರ ನೆನಪೇ ಇಲ್ಲ. 18ರ ಸಂಜೆ ನನ್ನ ಮನೆಯ ಅಂಗಳದಲ್ಲಿ ಒಂದು ತಾಸು ಕೂಡೋಣ. ಪ್ರಸಂಗ ಬೇಡ. ಹಾಡು, ವಾಚನ, ಪ್ರಾರ್ಥನೆ ಸಾಕು. ಹುಮನಾಬಾದಿನ ತಮ್ಮಾ, ನಿಮ್ಮ ತಂದೆಯವರು ಬರುವುದಾದರೆ ಚಹಾ ಕುಡಿದು ಹೋಗಲಿ, ಆ ದಿನದ ಚಹಾದ ಋಣ ನಮ್ಮ ಮೇಲೆ ಇದೆ.

ಕಲಬುರಗಿ ಕಥೋಲಿಕಳು:

ನಾನೂ ನನ್ನ ತಂಗಿಯೂ ಮಧ್ಯಾಹ್ನದ ಬಸ್ಸಿಗೆ ಬರುತ್ತೇವೆ.

ಸೇಡಂ ರಸ್ತೆ:

ನಾನು ಬರುತ್ತೇನೆ. ದೀಕ್ಷಾಸ್ನಾನದ ವಿಷಯದಲ್ಲಿ ನನ್ನ ಮಾತು ಬದಲಾಗಿಲ್ಲ. ಕೂಟ ಮುಗಿದು, ಬಂದವರೆಲ್ಲ ಮನೆಗೆ ಹೋದ ಮೇಲೆ ಹಿರಿಯರು ಹೇಳಿದಂತೆ ರಾತ್ರಿ ಕುಳಿತು ಮಾತನಾಡುತ್ತೇನೆ. ಹಾಸಿಗೆ ಒಂದು ಇಟ್ಟಿರಿ.